ಸುಗ್ಗಿ ಹಾಜರಿ

“ಹುಡುಗಿ ಶ್ಯಾಣ್ಯಾಕಿ ಇದ್ಲೇನ್ರಿ?”

ನನ್ನ ವರ್ಗದ ಈ ಹುಡುಗಿಯ ಸಂಗತಿಯನ್ನು ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಇದೇ. ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು ಕೇಳಿದಳು. ಬೈಲಹೊಂಗಲದ ನನ್ನ ತವರಿನಲ್ಲಿ ಅತ್ತಿಗೆ ಕೇಳಿದಳು. ತರಬೇತಿಗೆ ಹೋದಾಗ ಬೇರೆ ಶಾಲೆಯ ಶಿಕ್ಷಕರೂ ಕೇಳಿದರು. ಜಾಣೆಯಾಗಿದ್ದರೆ ಅಯ್ಯೋ ಎನ್ನಲು ಎಲ್ಲರೂ ತಯಾರು, ಇಲ್ಲದಿದ್ದರೆ ಹಣೆಬರಹ ಎಂದು ಮುಂದಿನ ಮಾತಿಗೆ ಹೋಗಲೂ ತಯಾರು. ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದೇನೆ. ಹುಡುಗಿ ಸಾಧಾರಣ. ಭಾಗಾಕಾರದಲ್ಲಿ ಶೇಷ ಉಳಿದರೆ ಗಾಬರಿಯಾಗುತ್ತಿದ್ದಳು, ಇಂಗ್ಲಿಷ್ ಪದ್ಯವನ್ನು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಒಪ್ಪಿಸಿ ಕೂತುಬಿಡುತ್ತಿದ್ದಳು. ಸಾಧಾರಣ ಹುಡುಗಿಗೂ ಬಲಗೈಯಲ್ಲಿ ಐದು ಬೆರಳು ಬೇಕಾಗುತ್ತವೆ.

ನಾನು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನ ಹೆಸರು ಬೇಡ. ಮನೋಳಿಯ ಕಡೆ ಹೋಗುವ ಬಸ್ಸು ಹಿಡಿದು, ಊರಿನ ದಾರಿ ಒಡೆಯುವ ಫಾಟಾದಲ್ಲಿ ಇಳಿದು ಒಂದಿಷ್ಟು ನಡೆದರೆ ಶಾಲೆ ಸಿಗುತ್ತದೆ. ಸುತ್ತ ಎರೆಭೂಮಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಎಂಟನೆಯ ತರಗತಿಯವರೆಗೆ ನಾವು ಕಲಿಸುತ್ತೇವೆ. ಎಂಟನೆಯದಕ್ಕೆ ನಾನೇ ವರ್ಗ ಶಿಕ್ಷಕಿ. ಅಂದರೆ ಹಾಜರಿ ಪುಸ್ತಕ ನನ್ನ ಕೈಯಲ್ಲಿರುತ್ತದೆ.

ಕಡಲೆ ಕೀಳುವ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗಿಡ ಒಣಗಿದ ಮೇಲೆ ಬಿಸಿಲು ಬಿದ್ದಾಗ ಮುಟ್ಟಿದರೆ ಕಾಯಿ ಉದುರಿ ಹೋಗುತ್ತದೆ. ಅದಕ್ಕೇ ಇಬ್ಬನಿ ಆರುವುದರೊಳಗೆ ಕೀಳಬೇಕು. ಕೋಳಿ ಕೂಗುವ ಹೊತ್ತಿಗೆ ಹೊಲದಲ್ಲಿರಬೇಕು. ಗಿಡದ ತುಂಬ ಹುಳಿ ಇರುತ್ತದೆ, ಇಬ್ಬನಿಯಲ್ಲಿ ನೆನೆದ ಆ ಹುಳಿ ಬೆರಳಿನ ಸಂದಿಗೆ ಇಳಿದು ಚರ್ಮ ಸುಲಿಯುತ್ತದೆ. ದೊಡ್ಡವರು ಕೈಗೆ ಹಳೆಯ ಬಟ್ಟೆ ಸುತ್ತಿಕೊಳ್ಳುತ್ತಾರೆ. ಹುಡುಗಿಯರಿಗೆ ಬಟ್ಟೆ ಸುತ್ತಿದರೆ ಕೆಲಸ ಸಾಗುವುದಿಲ್ಲ ಎಂದು ಬರಿಗೈಯಲ್ಲೇ ಕೀಳಿಸುತ್ತಾರೆ. ಫೆಬ್ರವರಿ ಬಂತೆಂದರೆ ನನ್ನ ವರ್ಗದಲ್ಲಿ ಎಷ್ಟೋ ಹುಡುಗಿಯರು ಪೆನ್ನನ್ನು ಬೆರಳಿನ ತುದಿಯಲ್ಲಿ ಹಿಡಿಯಲಾರದೆ ಮುಷ್ಟಿ ಕಟ್ಟಿ ಹಿಡಿಯುತ್ತಾರೆ. ಹೊಸದರಲ್ಲಿ ನಾನು ಅವರಿಗೆ ಅಕ್ಷರ ದುಂಡಗಿಲ್ಲವೆಂದು ಬೈಯುತ್ತಿದ್ದೆ. ಕಾರಣ ತಿಳಿದ ಮೇಲೆ ಬೈಯುವುದನ್ನು ಬಿಟ್ಟೆ, ಕೊಬ್ಬರಿ ಎಣ್ಣೆಯ ಒಂದು ಬಾಟಲಿ ತಂದು ಕಪಾಟಿನಲ್ಲಿಟ್ಟೆ. ನನ್ನ ಧೈರ್ಯ ಅಷ್ಟಕ್ಕೇ ಮುಗಿದಿತ್ತು.

ಶಾಲೆಯ ಹೊರಗೋಡೆಯ ಮೇಲೆ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದು ಅಪರಾಧ ಎಂದು ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿದೆ. ಬರೆಸಿದವಳು ನಾನೇ. ಪೇಂಟರಿಗೆ ದೀರ್ಘ ಎಲ್ಲಿ ಬಿಟ್ಟುಹೋಗಿದೆ ಎಂದು ತೋರಿಸಿ ತಿದ್ದಿಸಿದವಳೂ ನಾನೇ. ಆ ಗೋಡೆಯ ಒಳಗೆ ಕೂತು ನಾವು ಮಾಡುತ್ತಿದ್ದದ್ದು ಬೇರೆ.

ಶಿಕ್ಷಕರ ಕೋಣೆಯಲ್ಲಿ ಅದಕ್ಕೆ ಸುಗ್ಗಿ ಹಾಜರಿ ಎಂಬ ಹೆಸರಿತ್ತು. ನಗುತ್ತಲೇ ಹೇಳುತ್ತಿದ್ದೆವು. ಕಡಲೆ, ಜೋಳದ ಸುಗ್ಗಿಯ ದಿನಗಳಲ್ಲಿ ಬಾರದ ಮಕ್ಕಳಿಗೆಲ್ಲ ಬಂದಂತೆ ಗೆರೆ ಎಳೆಯುವುದು. ಗೈರು ಬರೆದರೆ ಮೇಲಿನಿಂದ ಕೇಳುತ್ತಾರೆ, ಮನೆ ಭೇಟಿ ಮಾಡಿ ಫಾರಂ ತುಂಬಬೇಕು, ಮಗುವಿನ ವಿದ್ಯಾರ್ಥಿವೇತನಕ್ಕೆ ತೊಂದರೆ, ಶಾಲೆಯ ಹೆಸರಿಗೆ ಕಪ್ಪು. ಗೆರೆ ಎಳೆದರೆ ಎಲ್ಲರಿಗೂ ಸುಖ. ಶಿಕ್ಷಕಿಯರಾದ ನಮ್ಮನ್ನು ತಾಯಂದಿರು ಒಳ್ಳೆಯ ಅಕ್ಕಾರು ಎನ್ನುತ್ತಿದ್ದರು. ಹೊಲದವರು ಬೆಂಕಿಯಲ್ಲಿ ಸುಟ್ಟ ಎಳೆಜೋಳದ ಸೀತನಿಯನ್ನು, ಹಸಿ ಕಡಲೆ ಗಿಡದ ಕಟ್ಟನ್ನು ಶಾಲೆಗೆ ಕಳಿಸುತ್ತಿದ್ದರು. ಮಧ್ಯಾಹ್ನ ನಾವು ಸೀತನಿಗೆ ಶೇಂಗಾ ಚಟ್ನಿ ಕಲಸಿಕೊಂಡು ತಿನ್ನುತ್ತಿದ್ದೆವು. ಬಹಳ ರುಚಿಯಾಗಿರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರಲ್ಲ, ನಾವು ಚಟ್ನಿ ಹಚ್ಚಿಕೊಂಡು ಮೇಯ್ದೆವು.

ಕೂಲಿಗೆ ಹೋಗುವ ಹುಡುಗಿಯರದು ಬೇರೆಯೇ ಸಂಕಟ. ರಾಮದುರ್ಗದ ಕಡೆ ಹತ್ತಿ ಬಿಡಿಸಲು ಗೂಡ್ಸ್ ಗಾಡಿಯಲ್ಲಿ ನಿಂತುಕೊಂಡು ಹೋಗುವವರು ಅವರು. ಹೆಂಗಸರೆಲ್ಲ ಹಿಂದೆ, ಡ್ರೈವರ್ ಮಾತ್ರ ದಿನಕ್ಕೊಬ್ಬ ಹುಡುಗಿಯನ್ನು ಮುಂದಿನ ಸೀಟಿಗೆ ಕರೆಯುತ್ತಿದ್ದ. ಏಳನೆಯ ತರಗತಿಯ ಒಬ್ಬಳು ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತೆಗೆದು ಲಂಗದ ಗಂಟಿನಲ್ಲಿ ಇಟ್ಟುಕೊಂಡು ಹೋಗುತ್ತಾಳೆಂದು ನನಗೆ ತಿಳಿದದ್ದು, ಗಣಿತದ ತಾಸಿನಲ್ಲಿ ಕೈವಾರ ಎಲ್ಲಿ ಎಂದು ಜೋರು ಮಾಡಿದಾಗ. ಆ ದಿನ ನಾನು ಡ್ರೈವರನ ಮನೆಗೆ ಹೋಗಿ ಅವನ ತಾಯಿಯ ಮುಂದೆಯೇ ಅವನ ಮಾನ ಕಳೆದು ಬಂದೆ. ಊರೆಲ್ಲ ನನ್ನನ್ನು ಮೆಚ್ಚಿತು. ಕೂಲಿಯ ಹುಡುಗಿಯರನ್ನು ಕಾಯುವುದು ಸುಲಭ, ಅಲ್ಲಿ ಬೈಯಲು ಒಬ್ಬ ಕೆಟ್ಟ ಮನುಷ್ಯ ಸಿಗುತ್ತಾನೆ.

ನನ್ನ ಹುಡುಗಿ ಕೂಲಿಗೆ ಹೋದವಳಲ್ಲ. ಮುಯ್ಯಾಳಾಗಿ ಹೋದವಳು.

ಮುಯ್ಯಾಳು ಎಂದರೆ ಆಳಿಗೆ ಆಳು. ಇವತ್ತು ನಿಮ್ಮ ಮನೆಯಿಂದ ಒಬ್ಬರು ನಮ್ಮ ಹೊಲಕ್ಕೆ ಬಂದು ದುಡಿದರೆ ನಾಳೆ ನಮ್ಮ ಮನೆಯಿಂದ ಒಬ್ಬರು ನಿಮ್ಮ ಹೊಲಕ್ಕೆ ಬರಬೇಕು. ರೊಕ್ಕದ ಮಾತಿಲ್ಲ. ನೇಸರಗಿಯ ಹತ್ತಿರ ನಮ್ಮ ತಂದೆಯ ಹೊಲದಲ್ಲೂ ಇದೇ ನಡೆಯುತ್ತಿತ್ತು, ಇದರಷ್ಟು ಚಂದದ ಪದ್ಧತಿ ಇಲ್ಲವೆಂದು ನಾನೇ ಮಕ್ಕಳಿಗೆ ಸಮಾಜ ವಿಜ್ಞಾನದಲ್ಲಿ ಹೊಗಳಿ ಪಾಠ ಮಾಡಿದ್ದೇನೆ. ಆದರೆ ಕಡಲೆ ಎಲ್ಲರದೂ ಒಂದೇ ವಾರ ಒಣಗುತ್ತದೆ. ತಾಯಿ ಮೂರು ಮನೆಯ ಆಳುಗಳನ್ನು ತನ್ನ ಹೊಲಕ್ಕೆ ಕರೆದುಕೊಂಡಿದ್ದರೆ ಮೂರೂ ಮನೆಯವರು ಒಂದೇ ಮುಂಜಾನೆ ಮುಯ್ಯಿ ಕೇಳುತ್ತಾರೆ. ತಾಯಿಗಿರುವುದು ಒಂದೇ ಮೈ. ಮಗನನ್ನು ಯಾರೂ ಕೇಳುವುದಿಲ್ಲ, ಗಂಡು ಕಡಲೆ ಕೀಳುವುದಿಲ್ಲ. ಮಗಳು ಹೋಗುತ್ತಾಳೆ. ಹದಿಮೂರು ವರ್ಷದವಳನ್ನು ಆಗ ಯಾರೂ ಮಗು ಎನ್ನುವುದಿಲ್ಲ, ಒಂದು ಆಳು ಎನ್ನುತ್ತಾರೆ.

ಹುಡುಗಿಯ ಮನೆಗೆ ಒಂದೂವರೆ ಎಕರೆ ಇತ್ತು. ತಂದೆ ಆ ತಿಂಗಳು ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ದೂರ ಹೋಗಿದ್ದ. ಆ ದಿನ ತಾಯಿ ಒಂದು ಹೊಲಕ್ಕೆ ಹೋದಳು, ಮಗಳು ಇನ್ನೊಂದಕ್ಕೆ. ಮಗಳು ಹೋದ ಹೊಲ ಊರಿನ ದೊಡ್ಡ ಮನೆತನದ್ದು. ಅದರ ಯಜಮಾನರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಅವರ ಬಾಯಿಂದ ನಾನು ಒಂದು ಬಿರುಸಾದ ಮಾತು ಕೇಳಿದ್ದಿಲ್ಲ. ಶಾಲೆಗೆ ನೀರಿನ ಟಾಕಿ ಕೊಡಿಸಿದವರು, ಎದುರಿಗೆ ಸಿಕ್ಕರೆ ಚಹಾ ಕುಡಿಸದೆ ಕಳಿಸುವವರಲ್ಲ.

ಮಾತಾಗಿದ್ದದ್ದು ಹೀಗೆ: ಇಬ್ಬನಿ ಆರುವವರೆಗೆ ಕಡಲೆ ಕೀಳುವುದು, ಹತ್ತಕ್ಕೆ ಶಾಲೆಗೆ ಬರುವುದು. ಅದಕ್ಕೇ ಹುಡುಗಿ ಯೂನಿಫಾರ್ಮ್ ತೊಟ್ಟುಕೊಂಡೇ ಹೊಲಕ್ಕೆ ಹೋಗಿದ್ದಳು. ಆದರೆ ಕಾಳು ಒಕ್ಕಿ ರಾಶಿ ಮಾಡುವ ಮಷಿನ್ ಮರುದಿನ ಬರಬೇಕಾದದ್ದು ಅಂದೇ ಬಂತು. ಬಾಡಿಗೆಯ ಮಷಿನ್, ತಾಸಿನ ಲೆಕ್ಕ, ಮುಂದಿನ ಹೊಲದವರು ಕಾಯುತ್ತಿರುತ್ತಾರೆ. ಮೊದಲೇ ಕಿತ್ತು ಒಣಗಿಸಿದ ಗುಡ್ಡೆಗಳನ್ನು ಹೊತ್ತು ಮಷಿನ್ನಿಗೆ ಕೊಡಲು ಕೈಗಳು ಬೇಕಾದವು. ಒಂದು ದಿನದ ಆಳಾಗಿ ಬಂದವಳು ಅರ್ಧ ದಿನಕ್ಕೆ ಹೊರಟರೆ ಹೇಗೆ ಎಂದು ಯಾರೋ ಅಂದರಂತೆ. ಹುಡುಗಿ ನಿಂತಳು.

ಟ್ರ್ಯಾಕ್ಟರಿನ ಹಿಂಭಾಗದಿಂದ ಮಷಿನ್ನಿಗೆ ಕಬ್ಬಿಣದ ಒಂದು ದಂಡ ಗರಗರ ತಿರುಗುತ್ತ ಹೋಗಿರುತ್ತದೆ. ಅದರ ಮೇಲೊಂದು ಮುಚ್ಚಳ ಇರಬೇಕು. ಗ್ರೀಸ್ ಹಚ್ಚುವಾಗ ಪ್ರತಿಸಲ ಬಿಚ್ಚುವುದು ತ್ರಾಸೆಂದು ಅದನ್ನು ಎಂದೋ ಕಿತ್ತು ಒಗೆದಿದ್ದರು. ದೊಡ್ಡ ಹೆಂಗಸರು ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಸೆರಗನ್ನು ಒಳಗೆ ಸಿಕ್ಕಿಸಿರುತ್ತಾರೆ. ಇವಳ ಮೈಮೇಲೆ ಶಾಲೆಯ ವೇಲ್ ಇತ್ತು. ಹಾರಾಡುತ್ತಿದ್ದ ಅದನ್ನು ತೆಗೆದಿಡಲು ಹೋದಾಗ ಹಿರಿಯಳೊಬ್ಬಳು, ದೊಡ್ಡವಳಾದ ಹುಡುಗಿ ಗಂಡಸರ ಮುಂದೆ ವೇಲ್ ತೆಗೆಯಬಾರದು ಎಂದು ಗದರಿಸಿದಳಂತೆ. ಮಷಿನ್ನಿನ ಗಾಳಿಗೆ ವೇಲ್ ಹಾರಿ ದಂಡಕ್ಕೆ ಸುತ್ತಿಕೊಂಡಿತು. ಜಾರಿ ಹೋಗಬೇಕಿತ್ತು, ಹೋಗಲಿಲ್ಲ, ಎರಡೂ ಭುಜಕ್ಕೆ ಪಿನ್ನು ಹಾಕಿತ್ತು. ಎಂಟನೆಯ ತರಗತಿಯ ಹುಡುಗಿಯರು ವೇಲಿಗೆ ಎರಡೂ ಕಡೆ ಪಿನ್ನು ಹಾಕಿಯೇ ಬರಬೇಕೆಂದು ನಿಯಮ ಮಾಡಿದವಳು ನಾನು. ಎಳೆತ ತಡೆಯಲಾರದೆ ಅವಳು ಬಲಗೈ ಮುಂದೆ ಕೊಟ್ಟಳು. ಒಂದು ಕಡೆ ಬಟ್ಟೆ ಹರಿದು ಕುತ್ತಿಗೆ ಉಳಿಯಿತು. ಮೂರು ಬೆರಳು ಹೋದವು.

ಆಗ ಹನ್ನೊಂದೂವರೆ. ನಾನು ವರ್ಗದಲ್ಲಿದ್ದೆ. ಅವಳ ಹೆಸರಿನ ಮುಂದೆ ಬೆಳಗ್ಗೆಯೇ ಗೆರೆ ಎಳೆದಾಗಿತ್ತು. ಬಿಸಿಯೂಟದ ಲೆಕ್ಕದಲ್ಲಿ ಅವಳ ಪಾಲಿನ ಅಕ್ಕಿಯೂ ಒಲೆಯ ಮೇಲೆ ಬೇಯುತ್ತಿತ್ತು. ಅಡುಗೆಯಾಕೆ ಸೌಟು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದು, ಕಡಲೆ ರಾಶಿಯಲ್ಲಿ ಯಾವುದೋ ಹುಡುಗಿಯ ಕೈ ಸಿಕ್ಕಿದೆಯಂತೆ ಎಂದಳು. ಯಾವುದೋ ಹುಡುಗಿ ಎಂದಾಗಲೇ ಯಾರೆಂದು ನನಗೆ ತಿಳಿಯಿತು.

ಸವದತ್ತಿಗೆ ಒಯ್ದು, ಅಲ್ಲಿಂದ ಧಾರವಾಡಕ್ಕೆ ಒಯ್ದರು. ನಾನು ಸಂಜೆಯ ಬಸ್ಸಿಗೆ ಹೋದೆ. ಹೆಬ್ಬೆರಳು ಮತ್ತು ಕಿರುಬೆರಳು ಉಳಿದಿವೆ, ಮುಂದೆ ಇನ್ನೊಂದು ಆಪರೇಷನ್ ಮಾಡಿದರೆ ಅವೆರಡೂ ಒಂದಕ್ಕೊಂದು ತಾಗಿ ಏನನ್ನಾದರೂ ಹಿಡಿಯಲು ಬರುತ್ತದೆ, ಮಾಡದಿದ್ದರೆ ಆ ಕೈ ಹಾಗೇ ಎಂದು ವೈದ್ಯರು ತಾಯಿಗೆ ಹೇಳಿದರು. ಆ ಎರಡನೆಯ ಆಪರೇಷನ್ ಯಾರು ಮಾಡಿಸಬೇಕು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿತು. ಹುಡುಗಿ ದುಡಿಯುವಾಗ ಕೈ ಕಳೆದುಕೊಂಡಳು ಎಂದಾದರೆ ದುಡಿಸಿದವರು ಮಾಡಿಸಬೇಕು, ಪರಿಹಾರವನ್ನೂ ಕೊಡಬೇಕು. ಅಲ್ಲಿ ಅವಳು ದುಡಿಯುತ್ತಿರಲಿಲ್ಲ ಎಂದಾದರೆ ಯಾರ ಮೇಲೂ ಏನೂ ಇಲ್ಲ.

ಒಂದು ಸಂಗತಿ ಹೇಳುತ್ತೇನೆ, ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಐದನೆಯ ದಿನ ತಾಯಿ ಬಟ್ಟೆಬರೆ ಒಯ್ಯಲು ಊರಿಗೆ ಬಂದಳು. ನಾನು ಶಾಲೆಗೆ ನಡೆದು ಬರುವಾಗ ನೋಡುತ್ತೇನೆ, ಅದೇ ಹೊಲದಲ್ಲಿ ಬಗ್ಗಿಕೊಂಡು ಕಡಲೆ ಕೀಳುತ್ತಿದ್ದಾಳೆ. ಬದುವಿನ ಮೇಲೆ ನಿಂತು ಕರೆದೆ. ಏನು ನಿನ್ನ ತಲೆ ಕೆಟ್ಟಿದೆಯೇ ಎಂದೆ. ಅವಳು ಸೊಂಟ ನೆಟ್ಟಗೆ ಮಾಡಿ, ತೀರ ಸಹಜವಾಗಿ ಹೇಳಿದಳು.

“ಆಕೀದು ಅರ್ಧಾ ದಿನ ಉಳದಿತ್ರಿ ಅಕ್ಕಾರ. ಮುಯ್ಯಿ ಉಳಿಸ್ಕೋಬಾರ್ದ್ರಿ, ಮನೀಗೆ ಛಲೋ ಅಲ್ಲ.”

ಹೊಲದವರು ಕೇಳಿರಲಿಲ್ಲ, ಅದು ನಿಜ. ಆದರೆ ಬೇಡ ಎಂದೂ ಅನ್ನಲಿಲ್ಲ. ಚಹಾ ಕೊಟ್ಟರು, ಪಾಪ ಎಂದರು, ಕೀಳಿಸಿಕೊಂಡರು. ಮೂರು ಬೆರಳು ಕೊಟ್ಟ ಮನೆಯೇ ಇನ್ನೂ ಅರ್ಧ ದಿನ ಕೊಡಬೇಕಾದ ಈ ಪದ್ಧತಿಯನ್ನು ನಾನು ಮಕ್ಕಳ ಮುಂದೆ ಹೊಗಳಿದ್ದೆ. ಆ ಬದುವಿನ ಮೇಲೆ ನನಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ತಾಯಿಯ ಮೇಲೆ ತೋರಿಸಲು ಆಗಲಿಲ್ಲ. ತೋರಿಸಬೇಕಾದವರ ಮುಂದೆ ತೋರಿಸುವ ಧೈರ್ಯ ಇನ್ನೂ ಬಂದಿರಲಿಲ್ಲ.

ಧೈರ್ಯ ಯಾಕೆ ಬಂದಿರಲಿಲ್ಲ ಎಂಬುದನ್ನೂ ಹೇಳಬೇಕು. ಘಟನೆಯಾದ ಮರುದಿನವೇ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. ಅವರೂ ಕೆಟ್ಟ ಮನುಷ್ಯರಲ್ಲ. ಈ ಊರಿನಲ್ಲಿ ಕೆಟ್ಟ ಮನುಷ್ಯರು ಸಿಗುವುದೇ ಇಲ್ಲ, ಬೆರಳು ಮಾತ್ರ ಹೋಗುತ್ತವೆ. ಹಾಜರಿ ಪುಸ್ತಕ ಮುಟ್ಟಬೇಡಿ, ಅಳಿಸಿ ತಿದ್ದಿದರೆ ಇಬ್ಬರೂ ಸಿಕ್ಕಿಬೀಳುತ್ತೇವೆ, ಯಾರಾದರೂ ಕೇಳಿದರೆ ಪುಸ್ತಕದಲ್ಲಿದ್ದದ್ದನ್ನು ಹೇಳಿ ಸುಮ್ಮನಿರಿ ಎಂದರು. ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸರಕಾರಿ ನೌಕರಿಯಲ್ಲಿ ಸುಳ್ಳು ದಾಖಲೆ ಬರೆದವಳಿಗೆ ಏನಾಗುತ್ತದೆ ಎಂದು ನನಗೂ ಗೊತ್ತು. ಮೂರು ವಾರ ನಾನು ಸುಮ್ಮನಿದ್ದೆ. ದಿನಾ ಗುಡಿಗೆ ಹೋಗುವವಳಂತೆ ಧಾರವಾಡಕ್ಕೆ ಹಣ್ಣು ಒಯ್ದೆ, ಹುಡುಗಿಯ ತಲೆ ಬಾಚಿದೆ, ಬಾಯಿ ಮಾತ್ರ ತೆರೆಯಲಿಲ್ಲ.

ನನ್ನ ಮೌನವನ್ನು ಬೇರೆಯವರು ಚೆನ್ನಾಗಿ ಉಪಯೋಗಿಸಿಕೊಂಡರು. ಊರಲ್ಲಿ ಹೊಸ ಕತೆ ಹುಟ್ಟಿತು. ಹುಡುಗಿ ಶಾಲೆಯಲ್ಲೇ ಇದ್ದಳು, ಸಣ್ಣ ಬಿಡುವಿನಲ್ಲಿ ಮಷಿನ್ ನೋಡಲು ಓಡಿ ಬಂದಳು, ಆಟವಾಡುತ್ತ ಕೈ ಕೊಟ್ಟಳು. ಸಾಕ್ಷಿ ಬೇಕೇ? ಮೈಮೇಲೆ ಯೂನಿಫಾರ್ಮ್ ಇತ್ತು. ಹಾಜರಿ ಪುಸ್ತಕದಲ್ಲಿ ಗೆರೆ ಇದೆ. ಕೂಲಿ ಕೊಟ್ಟಿದ್ದೇವೆಯೇ? ಇಲ್ಲ. ನಮ್ಮ ಮನೆಯ ಆಳೇ? ಅಲ್ಲ. ಶಾಲೆಗೆ ಹೋಗಬೇಕೆಂಬ ಆಸೆಯಿಂದ ತೊಟ್ಟ ಬಟ್ಟೆಯೇ ಅವಳ ವಿರುದ್ಧ ಸಾಕ್ಷಿಯಾಯಿತು. ಅಧ್ಯಕ್ಷರು ಚಹಾ ಕೊಡುತ್ತ ನನಗೇ ಹೇಳಿದರು, ಮಾನವೀಯತೆಯಿಂದ ಒಂದಿಷ್ಟು ಕೊಡೋಣ, ಹುಡುಗಿ ಅಂದಮೇಲೆ ಮುಂದೆ ಲಗ್ನದ ಚಿಂತೆಯೂ ಇದೆ, ಕೇಸು ಗೀಸು ಎಂದು ಹೆಸರು ಕೆಡಿಸುವುದು ಬೇಡ. ನಾನು ಆ ಚಹಾ ಕುಡಿದೆ.

ಆಸ್ಪತ್ರೆಯ ವರದಿಯ ಮೇಲೆ ತಾಲ್ಲೂಕಿನಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದದ್ದು ಮಾರ್ಚ್ ಕೊನೆಗೆ, ಪರೀಕ್ಷೆಯ ಹೊತ್ತಿಗೆ. ನಮ್ಮ ಶಾಲೆಯ ಏಳನೆಯ ತರಗತಿಯ ಕೋಣೆಯಲ್ಲಿ ಟೇಬಲ್ ಹಾಕಿದ್ದೆವು. ಹೆಂಗಸು, ವಯಸ್ಸು ಮೂವತ್ತರ ಒಳಗೆ, ದನಿ ಮೆತ್ತಗೆ. ಅಧ್ಯಕ್ಷರು, ಮುಖ್ಯೋಪಾಧ್ಯಾಯರು, ತಾಯಿ, ಹುಡುಗಿ, ನಾನು. ಹುಡುಗಿ ಬ್ಯಾಂಡೇಜಿನ ಕೈಯನ್ನು ತಾಯಿಯ ಸೆರಗಿನ ಒಳಗೆ ಇಟ್ಟುಕೊಂಡು ಕೂತಿದ್ದಳು. ಅಧಿಕಾರಿ ಹಾಜರಿ ಪುಸ್ತಕ ತಿರುಗಿಸಿ ನೋಡಿದರು. ತಾಯಿಯನ್ನು ಕೇಳಿದರೆ ಅವಳು ಬೇರೆ ಹೊಲದಲ್ಲಿದ್ದೆ ಎಂದಳು, ಮುಂದಿನದಕ್ಕೆ ಅಧ್ಯಕ್ಷರ ಮುಖ ನೋಡಿದಳು. ಮುಂದಿನ ಸುಗ್ಗಿಗೂ ಅವರೊಂದಿಗೆ ಮುಯ್ಯಿ ಇರಬೇಕಲ್ಲ. ಆಮೇಲೆ ಅಧಿಕಾರಿ ಹುಡುಗಿಯ ಕಡೆ ತಿರುಗಿ, ನೀನೇ ಹೇಳು ಪುಟ್ಟಿ, ಆ ದಿನ ಎಲ್ಲಿದ್ದೆ ಎಂದರು.

“ಸಾಲ್ಯಾಗ ಇದ್ದೆರಿ,” ಎಂದಳು ಹುಡುಗಿ. “ಸಣ್ಣ ಸೂಟ್ಯಾಗ ಮಷಿನ್ ನೋಡಾಕ ಹೋಗಿದ್ದೆರಿ. ನಂದ ತಪ್ಪರಿ.”

ಇಂಗ್ಲಿಷ್ ಪದ್ಯ ಒಪ್ಪಿಸುವಾಗಿನಂತೆ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದಳು. ಅಧಿಕಾರಿ ಬರೆದುಕೊಳ್ಳತೊಡಗಿದರು. ಮುಖ್ಯೋಪಾಧ್ಯಾಯರು ನೆಲ ನೋಡುತ್ತಿದ್ದರು. ಅಧ್ಯಕ್ಷರು ಪಾಪ ಎನ್ನುವಂತೆ ತಲೆ ಆಡಿಸಿದರು. ಆ ಕೋಣೆಯಲ್ಲಿ ಎಲ್ಲರಿಗೂ ಕೆಲಸ ಮುಗಿಯಿತು ಎಂಬ ನೆಮ್ಮದಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ, ನನ್ನೊಳಗೂ ಒಂದು ಕ್ಷಣ ಬಂತು. ಅದು ಬಂದದ್ದಕ್ಕೇ ನನಗೆ ನನ್ನ ಮೇಲೆ ಎಂಥ ಹೇಸಿಗೆಯಾಯಿತೆಂದರೆ ಎದ್ದು ನಿಂತೆ.

ಹುಡುಗಿ ಹೇಳಿದ್ದು ಸುಳ್ಳು ಎಂದೆ. ಆ ದಿನ ಅವಳು ಶಾಲೆಯ ಮೆಟ್ಟಿಲು ತುಳಿದಿಲ್ಲ, ಆ ಗೆರೆ ಎಳೆದವಳು ನಾನು, ಗೊತ್ತಿದ್ದೇ ಎಳೆದೆ ಎಂದೆ. ಅದೊಂದೇ ಅಲ್ಲ, ಆ ತಿಂಗಳ ಪುಟದಲ್ಲಿ ಕಡಲೆ ಸುಗ್ಗಿಯ ದಿನಗಳನ್ನು ನೋಡಿ, ಒಬ್ಬ ಹುಡುಗಿಯೂ ಗೈರಿಲ್ಲ, ಇಡೀ ಊರು ಹೊಲದಲ್ಲಿದ್ದಾಗ ಇವರೆಲ್ಲ ಶಾಲೆಯಲ್ಲಿದ್ದರೇ ಎಂದು ಕೇಳಿದೆ. ಅಕ್ಕಾರ ಕುಂದರ್ರಿ ಎಂದು ಮುಖ್ಯೋಪಾಧ್ಯಾಯರು ಸಣ್ಣಗೆ ಹೇಳಿದರು. ನಾನು ಕುಳಿತುಕೊಳ್ಳಲಿಲ್ಲ. ಇನ್ನೂ ಒಂದು ಉಳಿದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಇಷ್ಟು ಬರೆಯುತ್ತ ಬಂದರೂ ಇಲ್ಲಿಯವರೆಗೆ ನಿಮಗೂ ಹೇಳಲಿಲ್ಲ.

ಕೈ ಹೋದದ್ದರ ಹಿಂದಿನ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿ ನನ್ನ ಹಿಂದೆ ಫಾಟಾದವರೆಗೆ ಬಂದಿದ್ದಳು. ನಾಳೆ ಪರೀಕ್ಷೆ ಇದೆ, ಕಳಿಸಲೇಬೇಕು ಎಂದು ನಮ್ಮವ್ವನಿಗೆ ಒಂದು ಫೋನ್ ಮಾಡಿ ಹೇಳಿ ಎಂದು ಕೇಳಿದಳು. ನಾಳೆ ಯಾವ ಪರೀಕ್ಷೆಯೂ ಇರಲಿಲ್ಲ. ಅವಳಿಗೆ ಆ ಹೊಲಕ್ಕೆ ಹೋಗಲು ಮನಸ್ಸಿರಲಿಲ್ಲ, ಬೆರಳಿನ ಸಂದಿ ಸುಲಿದಿತ್ತು, ತೋರಿಸಿದಳು. ನನ್ನ ಬಸ್ಸು ದೂರದಲ್ಲಿ ಕಾಣುತ್ತಿತ್ತು. ನಾನು ಅವಳ ಕೆನ್ನೆ ತಟ್ಟಿ, ಅವ್ವನಿಗೆ ಒಂದು ದಿನ ಸಹಾಯ ಮಾಡಿದರೆ ಏನಾಗುತ್ತದೆ, ಹೋಗಿ ಬಾ, ಹಾಜರಿ ನಾನು ನೋಡಿಕೊಳ್ಳುತ್ತೇನೆ ಎಂದೆ. ಮಗುವಿಗೆ ಉಪಕಾರ ಮಾಡಿದೆ ಎಂದುಕೊಂಡೇ ಬಸ್ಸು ಹತ್ತಿದ್ದೆ.

ಇದನ್ನೆಲ್ಲ ಅಧಿಕಾರಿಯ ಮುಂದೆ ಹೇಳಿ ಸಹಿ ಮಾಡಿದೆ. ಅಧ್ಯಕ್ಷರು ಎದ್ದು ಹೋಗುವಾಗ ಮೊದಲ ಸಲ ನನಗೆ ನಮಸ್ಕಾರ ಹೇಳಲಿಲ್ಲ.

ಮುಂದೇನಾಯಿತು ಎಂದು ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ನನಗೆ ನೋಟಿಸ್ ಬಂತು, ವಿಚಾರಣೆ ನಡೆದಿದೆ, ಬಡ್ತಿ ನಿಂತಿದೆ. ಬಡ್ತಿ ನಿಂತದ್ದಕ್ಕೆ ನನಗೆ ದುಃಖವಿಲ್ಲ. ಊರಲ್ಲಿ ನನ್ನ ಹೆಸರು ಕಡ್ಡಿ ಕೊರೆದು ಬೆಂಕಿ ಹಚ್ಚುವ ಅಕ್ಕಾರು ಎಂದಾಗಿದೆ. ಎರಡನೆಯ ಆಪರೇಷನ್ನಿನ ಖರ್ಚನ್ನು ಹೊಲದವರು ಕೊಟ್ಟರು, ಕೊಡಬೇಕಾಯಿತು. ಪರಿಹಾರದ ಮಾತು ಇನ್ನೂ ಕಚೇರಿಯಲ್ಲಿದೆ. ರಾಶಿ ಮಷಿನ್ನಿನ ದಂಡಕ್ಕೆ ಈಗಲೂ ಮುಚ್ಚಳವಿಲ್ಲ, ಒಂದು ಗೋಣಿಚೀಲ ಕಟ್ಟಿದ್ದಾರೆ. ವೇಲಿಗೆ ಪಿನ್ನು ಹಾಕುವ ನಿಯಮವನ್ನು ನಾನು ತೆಗೆದೆ. ಈ ವರ್ಷ ಸುಗ್ಗಿಯಲ್ಲಿ ಗೈರಾದವರಿಗೆ ಗೈರೆಂದೇ ಬರೆದೆ, ಮನೆಮನೆಗೆ ಹೋಗಿ ಜಗಳ ಮಾಡಿದೆ. ಕೆಲವರು ಕಳಿಸಿದರು, ಕೆಲವರು ನಾನು ಬರುವ ಹೊತ್ತಿಗೆ ಬಾಗಿಲು ಹಾಕಿಕೊಂಡರು.

ಆದರೆ ನಾನು ಹೇಳಬೇಕೆಂದು ಕೂತದ್ದು ಅದಲ್ಲ. ವಿಚಾರಣೆಯ ದಿನ ಎಲ್ಲರೂ ಹೋದ ಮೇಲೆ ತಾಯಿ ನಲ್ಲಿಯಲ್ಲಿ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದಳು. ಹುಡುಗಿ ಒಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಯಾಕೆ ಸುಳ್ಳು ಹೇಳಿದೆ, ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಖರೆ ಹೇಳಿದರೆ ಅಕ್ಕಾರ ನೌಕರಿ ಹೋಗುತ್ತದೆ ಎಂದು ದೊಡ್ಡ ಸರ್, ನಮ್ಮ ಮುಖ್ಯೋಪಾಧ್ಯಾಯರೇ, ಹೇಳಿದರಂತೆ. ಅಷ್ಟಕ್ಕೇ ಅವಳು ತನ್ನ ಕೈಯನ್ನು ಬಿಟ್ಟುಕೊಡಲು ತಯಾರಾಗಿದ್ದಳು. ಆ ಸಂಜೆ ನೀನು ಕೇಳಿದ್ದು ನನಗೆ ನೆನಪಿತ್ತು, ದಿನಾ ನೆನಪಾಗುತ್ತಿತ್ತು ಎಂದೆ.

ಅವಳು ಬ್ಯಾಂಡೇಜಿನ ದಾರವನ್ನು ಎಡಗೈಯಿಂದ ಎಳೆದಳು.

“ನೀವು ಒಂದ್ ಮಾತ್ ಹೇಳಿದ್ರ ನಮ್ಮವ್ವ ಕಳಸ್ತಿದ್ದಿಲ್ರಿ,” ಎಂದಳು. “ಯಾರ ಮಾತ್ ಮೀರಿದ್ರೂ ನಿಮ್ಮ ಮಾತ್ ಮೀರೂದಿಲ್ರಿ ಆಕಿ.”

ಬೈಯುವ ದನಿ ಅದಾಗಿರಲಿಲ್ಲ. ಲೆಕ್ಕದಲ್ಲಿ ನಾನು ತಪ್ಪಿದ್ದನ್ನು ತೋರಿಸುವಾಗಿನ ಸಂಕೋಚ ಮಾತ್ರ ಇತ್ತು. ನಾನು ಹೌದು ಎಂದೆ. ತಾಯಿ ನೀರು ತುಂಬಿಕೊಂಡು ಬಂದಳು, ಹುಡುಗಿ ಎದ್ದು ಅಭ್ಯಾಸದಿಂದ ಬಲಗೈ ಚಾಚಿದಳು, ಆಮೇಲೆ ಎಡಗೈಯಲ್ಲಿ ಬಾಟಲಿ ಇಸಿದುಕೊಂಡಳು.